ಹಳೇ ಮೈಕ್ರೋಸ್ಕೋಪಿಗೆ ನೀಲಿ ಟಾರ್ಚ್ ಸಾಕಾ?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನ ಸ್ಟೀರಿಯೋ ಮೈಕ್ರೋಸ್ಕೋಪಿಗೆ (ಎಲೆ, ಹುಳುವನ್ನು ಹಾಗೇ ಇಟ್ಟು ನೋಡುವಂಥದ್ದು) ಫ್ಲೋರೊಸೆನ್ಸ್ ಅಟ್ಯಾಚ್‌ಮೆಂಟ್ (ನೀಲಿ ಬೆಳಕು ಬಿದ್ದಾಗ ವಸ್ತುಗಳು ಹೊರಬಿಡುವ ಬೇರೆ ಬಣ್ಣದ ಹೊಳಪನ್ನು ತೋರಿಸುವ ಜೋಡಣೆ) ಹಾಕಿಸಬೇಕೆಂದಿದ್ದೇನೆ, ಆದರೆ ಬೆಲೆ ಕೇಳಿ ಸುಸ್ತಾಯಿತು. ಅದರ ಬದಲು ನೀಲಿ ಟಾರ್ಚ್ ಹಿಡಿದರೆ ಆಗಲ್ವಾ? ಕಾಫಿ ಎಲೆಯ ತುಕ್ಕು ರೋಗ ಇದರಲ್ಲಿ ಬೇಗ ಗೊತ್ತಾಗುತ್ತಾ?
— ಓದುಗರು, ಚಿಕ್ಕಮಗಳೂರು

ಉತ್ತರ: ಟಾರ್ಚ್ ಅರ್ಧ ಕೆಲಸ ಮಾತ್ರ ಮಾಡುತ್ತದೆ ಮೇಷ್ಟ್ರೇ. ನೀಲಿ ಬೆಳಕು ಬಿದ್ದಾಗ ಕೆಲವು ವಸ್ತುಗಳು ಹಸಿರು, ಹಳದಿ ಅಥವಾ ಕೆಂಪು ಬೆಳಕು ಹೊರಬಿಡುತ್ತವೆ ನಿಜ, ಆದರೆ ಅದು ತೀರಾ ಮಂಕು, ಸುಮ್ನೆ ಬಡಿದು ವಾಪಸ್ ಬರುವ ನೀಲಿಯ ಮುಂದೆ ಕಣ್ಣಿಗೆ ಕಾಣುವುದೇ ಇಲ್ಲ. ಆ ನೀಲಿಯನ್ನು ತಡೆಯಲು ಲೆನ್ಸಿನ ಕೆಳಗೆ ಹಳದಿ ಫಿಲ್ಟರ್ ಬೇಕೇ ಬೇಕು. ಅಗ್ಗದ ಟಾರ್ಚಿನಲ್ಲಿ ನೀಲಿಯ ಜೊತೆ ಒಂದಿಷ್ಟು ಹಸಿರೂ ಸೇರಿರುತ್ತದೆ, ಅದು ಹಳದಿ ಫಿಲ್ಟರನ್ನೂ ದಾಟಿ ಬಂದು ನಿಮಗೆ ಮೋಸ ಮಾಡುತ್ತದೆ. ಒಳ್ಳೆ ಅಟ್ಯಾಚ್‌ಮೆಂಟಿನಲ್ಲಿ ಎಲ್‌ಇಡಿಯ ಮುಂದೆಯೂ ಫಿಲ್ಟರ್ ಇರುತ್ತದೆ. ಸಾಮಾನ್ಯವಾಗಿ 440ರಿಂದ 460 ನ್ಯಾನೋಮೀಟರ್ ತರಂಗಾಂತರದ ನೀಲಿ, ಅದಕ್ಕೆ ಜೋಡಿಯಾಗಿ 500ಕ್ಕಿಂತ ಕೆಳಗಿನದನ್ನು ತಡೆಯುವ ಹಳದಿ ಗಾಜು. ನೀವು ದುಡ್ಡು ಕೊಡುವುದು ಈ ಜೋಡಿಗೆ, ಲೈಟಿಗಲ್ಲ.

ಖರ್ಚು ಮಾಡುವ ಮೊದಲು ಒಂದು ಆಟ ಆಡಿ ನೋಡಿ. ಯಾವುದಾದರೂ ಹಸಿರು ಸೊಪ್ಪನ್ನು ಸ್ಪಿರಿಟ್‌ನಲ್ಲಿ ಅರೆದು ಸೋಸಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಡಿ. ಹಸಿರು ನೀರು ರಕ್ತದ ಹಾಗೆ ಕೆಂಪಗೆ ಹೊಳೆಯುತ್ತದೆ. ಅದು ಪತ್ರಹರಿತ್ತಿನ ಕೆಲಸ. ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿದರೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಮಕ್ಕಳಿಗೆ ಇಷ್ಟು ತೋರಿಸುವುದಷ್ಟೇ ಉದ್ದೇಶವಾದರೆ ಅಟ್ಯಾಚ್‌ಮೆಂಟ್ ಬೇಡವೇ ಬೇಡ!

ಇದೇ ಕೆಂಪು ಮುಂದೆ ತಲೆನೋವು ಆಗುತ್ತದೆ. ಎಲೆಯ ಮೇಲಿನ ಪುಟ್ಟ ಹುಳುವಿನದೋ ಶಿಲೀಂಧ್ರದ್ದೋ ಹಸಿರು ಹೊಳಪು ಹುಡುಕುತ್ತಿದ್ದರೆ, ಹಿಂದಿನ ಎಲೆ ಪೂರ್ತಿ ಕೆಂಪಾಗಿ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಹಸಿರನ್ನು ದಾಟಲು ಬಿಟ್ಟು ಕೆಂಪನ್ನು ತಡೆಯುವ ಇನ್ನೊಂದು ಫಿಲ್ಟರ್ ಜೊತೆಗೆ ಸಿಗುತ್ತಾ ಅಂತ ಕೇಳಿ. ಗಿಡದ ಕೆಲಸ ಮಾಡುವವರು ಇದನ್ನು ಮರೆತರೆ ಕಷ್ಟ.

ತುಕ್ಕು ರೋಗಕ್ಕೆ ಇದನ್ನು ತಗೋಬೇಡಿ. ಎಲೆಯ ಅಡಿಯ ಕಿತ್ತಳೆ ಬಣ್ಣದ ಪುಡಿ ಮಾಮೂಲಿ ಬಿಳಿ ಲೈಟಿನಲ್ಲೇ ಕಾಣುತ್ತದೆ. ಎಲೆಯೊಳಗೆ ಹರಡಿದ ಶಿಲೀಂಧ್ರದ ಎಳೆ ನೋಡಬೇಕೆಂದರೆ ಬಣ್ಣ ಹಾಕಬೇಕು, ಜಾಸ್ತಿ ದೊಡ್ಡದಾಗಿ ತೋರಿಸುವ ಕಾಂಪೌಂಡ್ ಮೈಕ್ರೋಸ್ಕೋಪೇ ಬೇಕು. ಅನುಮಾನ ಇದ್ದರೆ ಎಲೆಯನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಗೆ ಒಯ್ದು ತೋರಿಸಿ, ಹತ್ತಿರವೇ ಇದೆಯಲ್ಲ.

ಕೊನೆಗೂ ಕೊಳ್ಳುವುದಾದರೆ ಮೊದಲು ನಿಮ್ಮ ಮೈಕ್ರೋಸ್ಕೋಪಿನ ಕೆಳಗಿನ ಲೆನ್ಸಿನ ಹೊರ ಅಳತೆಯನ್ನು ಮಿಲಿಮೀಟರಿನಲ್ಲಿ ತೆಗೆಯಿರಿ, ಫಿಲ್ಟರ್ ಕೂರುವುದು ಅಲ್ಲೇ. ಲೆನ್ಸಿಗೂ ಮೇಜಿಗೂ ನಡುವಿನ ಜಾಗವನ್ನೂ ಅಳೆದಿಡಿ. ನೀಲಿ ಬೆಳಕು ಪಕ್ಕದಲ್ಲಿ ಕೂತವರ ಕಣ್ಣಿಗೆ ಹೊಡೆಯದಂತೆ ತಡೆಯುವ ಹಳದಿ ಪರದೆಯನ್ನೂ ಜೊತೆಗೇ ತರಿಸಿಕೊಳ್ಳಿ.