ತಲೆನೋವಿನ ಮೇಲೆ ಜೀವನವಿಡೀ ಸಂಶೋಧನೆ ಮಾಡುವಷ್ಟು ಏನಿದೆ?

ಎಂ.ಎಸ್ಸಿ. ಮುಗಿಸಿದ್ದೀರಿ, ಮೈಗ್ರೇನ್ ಮೇಲೆ ಪಿಎಚ್‌ಡಿ ಮಾಡುವಾಸೆ. ಮನೆಯಲ್ಲಿ ಮಾತ್ರ "ತಲೆನೋವಿಗೆ ಮಾತ್ರೆ ಇದೆಯಲ್ಲ, ಇನ್ನೇನು ಕಂಡುಹಿಡೀತೀಯ?" ಅಂತಾರೆ ಎಂದು ಬರೆದಿದ್ದೀರಿ. ನಾನು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತೇನೆ. ನನಗೂ ಮೈಗ್ರೇನ್ ಇದೆ. ಖಂಡಿತ ಮಾಡಿ. ಆದರೆ ಈ ಕೆಲಸ ಎಷ್ಟು ಕಾಲ ಹಿಡಿಯುತ್ತದೆ ಅಂತ ತಿಳಿದುಕೊಂಡೇ ಇಳಿಯಿರಿ.

ಸ್ವೀಡನ್ನಿನ ಲುಂಡ್‌ನಲ್ಲಿ ಕೆಲಸ ಮಾಡಿದ ಸಂಶೋಧಕ ಲಾರ್ಸ್ ಎಡ್ವಿನ್ಸನ್ ಅವರನ್ನೇ ನೋಡಿ. ಮೆದುಳಿನ ರಕ್ತನಾಳಗಳನ್ನು ಸುತ್ತಿಕೊಂಡಿರುವ ನರಗಳು ಏನು ಮಾಡುತ್ತವೆ ಅನ್ನೋದು ಅವರ ಪ್ರಶ್ನೆ. 1982ರಲ್ಲಿ ಅಮೆರಿಕದಲ್ಲಿ ಬೇರೆಯೇ ಒಂದು ಜೀನ್ ಅಧ್ಯಯನ ಮಾಡುತ್ತಿದ್ದವರಿಗೆ ಸಿಜಿಆರ್‌ಪಿ ಎಂಬ ಪುಟ್ಟ ಪೆಪ್ಟೈಡ್‌ನ (ಪ್ರೋಟೀನಿನ ಚಿಕ್ಕ ತುಣುಕಿನಂಥ ಅಣುವಿನ) ಸುಳಿವು ಸಿಕ್ಕಿತು. ಅದು ಎಡ್ವಿನ್ಸನ್ ನೋಡುತ್ತಿದ್ದ ನರಗಳಲ್ಲೇ ಇತ್ತು. ರಕ್ತನಾಳಗಳನ್ನು ಜೋರಾಗಿ ಹಿಗ್ಗಿಸುತ್ತಿತ್ತು.

ಆಮೇಲಿನ ಪ್ರಯೋಗ ನನಗೆ ತುಂಬಾ ಇಷ್ಟ. ಆಸ್ಟ್ರೇಲಿಯಾದ ಪೀಟರ್ ಗೋಡ್ಸ್‌ಬಿ ಮತ್ತು ಎಡ್ವಿನ್ಸನ್ ಸೇರಿ, ಮೈಗ್ರೇನ್ ಬಂದಿರುವಾಗಲೇ ರೋಗಿಗಳ ಕತ್ತಿನ ರಕ್ತನಾಳದಿಂದ ರಕ್ತ ತೆಗೆದರು. ತೋಳಿನಿಂದಲೂ ತೆಗೆದರು. ಕತ್ತಿನ ರಕ್ತದಲ್ಲಿ ಸಿಜಿಆರ್‌ಪಿ ಜಾಸ್ತಿ ಇತ್ತು, ತೋಳಿನದರಲ್ಲಿ ಜಾಸ್ತಿಯಾಗಿರಲಿಲ್ಲ. ಇದು 1990ರಲ್ಲಿ ಪ್ರಕಟವಾಯಿತು. "ಸುಮ್ನೆ ನಾಟಕ" ಅನ್ನಿಸಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದವರ ನೋವಿಗೆ ರಕ್ತದಲ್ಲೇ ಸಾಕ್ಷಿ ಸಿಕ್ಕಿತು. ನೋವಿನ ಸಂಶೋಧನೆಯಲ್ಲಿ ಅತಿ ಕಷ್ಟದ ಕೆಲಸ ಇದೇ ಅಲ್ವಾ, ಒಬ್ಬರ ನೋವು ಇನ್ನೊಬ್ಬರಿಗೆ ಕಾಣುವಂತೆ ಮಾಡೋದು? 1993ರಲ್ಲಿ ಇವರೇ ಇನ್ನೊಂದು ತೋರಿಸಿದರು: ಸುಮಾಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧಿ ಕೊಟ್ಟು ತಲೆನೋವು ಇಳಿದಾಗ ಸಿಜಿಆರ್‌ಪಿಯೂ ಇಳಿಯುತ್ತದೆ.

ಔಷಧಿ ಮಾತ್ರ ಬೇಗ ಬರಲಿಲ್ಲ. ಸಿಜಿಆರ್‌ಪಿ ತಡೆಯುವ ಮೊದಲ ಔಷಧಿ ಕೆಲಸ ಮಾಡುತ್ತದೆ ಎಂದು 2004ರಲ್ಲಿ ಗೊತ್ತಾಯಿತು, ಆದರೆ ಅದನ್ನು ರಕ್ತನಾಳಕ್ಕೇ ಕೊಡಬೇಕಿತ್ತು. ಮುಂದೆ ಬಂದ ಮಾತ್ರೆಯೊಂದು ಲಿವರ್ ತೊಂದರೆಯಿಂದ ನಿಂತುಹೋಯಿತು. ಕೊನೆಗೆ 2018ರಲ್ಲಿ, ಸಿಜಿಆರ್‌ಪಿಯ ಕೆಲಸ ತಡೆಯುವ, ತಿಂಗಳಿಗೊಮ್ಮೆ ಚುಚ್ಚಿಕೊಳ್ಳುವ ಎರೆನುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪೆಪ್ಟೈಡ್‌ನ ಸುಳಿವು ಸಿಕ್ಕಿ ಆಗಲೇ 36 ವರ್ಷ! 2021ರಲ್ಲಿ ಎಡ್ವಿನ್ಸನ್, ಗೋಡ್ಸ್‌ಬಿ ಇಬ್ಬರಿಗೂ, ಮೈಗ್ರೇನ್ ಸಂಶೋಧಕರೇ ಆದ ಜೆಸ್ ಓಲೆಸೆನ್ ಮತ್ತು ಮೈಕೆಲ್ ಮಾಸ್ಕೊವಿಟ್ಜ್ ಅವರಿಗೂ ಮೆದುಳಿನ ಸಂಶೋಧನೆಗೆ ಕೊಡುವ ಬ್ರೈನ್ ಪ್ರೈಜ್ ಬಂತು.

ಹಾಗಂತ ಕೆಲಸ ಮುಗಿದಿಲ್ಲ. ಆ ಇಂಜೆಕ್ಷನ್ ಎಲ್ಲರಿಗೂ ಹಿಡಿಸುವುದಿಲ್ಲ, ದುಬಾರಿ ಬೇರೆ. ಕರ್ನಾಟಕದಲ್ಲೇ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ವರ್ಷದೊಳಗೆ ಮೈಗ್ರೇನ್ ಬಂದಿತ್ತು. ಇದನ್ನು ಮನೆಯವರಿಗೆ ಹೇಳಿ.

ವಿಷಯ ಹುಡುಕುತ್ತಿದ್ದರೆ ದೀರ್ಘಕಾಲದ ನೋವಿನ ಕಡೆ ನೋಡಿ. ಮೈಗ್ರೇನ್ ಬಂದಾಗ ಕೆಲವರಿಗೆ ತಲೆ ಬಾಚಿದರೂ ಉರಿಯುತ್ತದೆ. ಮೆದುಳಿನೊಳಗಿನ ನೋವಿನ ನರಕೋಶಗಳೇ ಅತಿ ಸೂಕ್ಷ್ಮವಾಗಿರುತ್ತವೆ ಎಂದು ಹಾರ್ವರ್ಡ್‌ನ ರಾಮಿ ಬರ್ಸ್ಟೈನ್ ತೋರಿಸಿದರು. ಕೆಲವರಲ್ಲಿ ಮಾತ್ರ ಮೈಗ್ರೇನ್ ತಿಂಗಳಿಗೆ 15 ದಿನ, ಇನ್ನೂ ಜಾಸ್ತಿ ಕಾಡುವ ತಲೆನೋವಾಗಿ ಯಾಕೆ ಬೇರೂರುತ್ತದೆ? ಪೂರ್ತಿ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ. ಲ್ಯಾಬ್ ಜೊತೆಗೆ ರೋಗಿಗಳನ್ನೂ ನೋಡುವ ಗೈಡ್ ಸಿಕ್ಕರೆ ಬಿಡಬೇಡಿ.