ಕಾಗದದ ಹೂವಿನ ಎಲೆ ರಸ: ಬಿಂಗಿ ಬಂದ ಮೇಲೆ ಹೊಡೆದು ಪ್ರಯೋಜನವಿಲ್ಲ

ಮುಳಬಾಗಿಲಿನ ತಮ್ಮಾ, ನೀನು ಹಾಕಿದ ಟೊಮೆಟೊ ಫೋಟೋ ದೊಡ್ಡದು ಮಾಡಿ ನೋಡಿದೆ. ನಾಟಿಯಾಗಿ 35 ದಿನ, ಮೂವತ್ತು ಗಿಡಕ್ಕೆ ಬಿಂಗಿ (ಬಿಳಿ ನೊಣ ಹರಡೋ ವೈರಸ್ಸಿನ ಎಲೆ ಮುದುರು ರೋಗ) ಬಂದಿದೆ, ಬೋಗನ್‌ವಿಲ್ಲಾ ಅಂದರೆ ಕಾಗದದ ಹೂವಿನ ಎಲೆ ಕುದಿಸಿ ಮೂರು ಸಲ ಹೊಡೆದೆ, ಹತೋಟಿಗೆ ಬರಲಿಲ್ಲ, ಇನ್ನೂ ಗಟ್ಟಿ ಮಾಡಿ ಹೊಡೆಯಲಾ ಅಂತ ಕೇಳಿದ್ದೀಯ. ಬೇಡ. ಕೆಳಗೆ ಇಬ್ಬರು "ಡೋಸು ಡಬಲ್ ಮಾಡು" ಅಂದಿದ್ದಾರೆ, ಅವರ ಮಾತೂ ಕೇಳಬೇಡ.

ಇದೇ ತಪ್ಪು ನಾನೂ ಮಾಡಿದ್ದೆ. ಒಂದೆಕರೆ ಬೇಸಿಗೆ ಟೊಮೆಟೊ. ಕಾಗದದ ಹೂವಿನ ಎಲೆಯಲ್ಲಿ ವೈರಸ್ ತಡೆಯೋ ಅಂಶ ಇದೆ ಅಂತ ಒಂದು ತರಬೇತಿಯಲ್ಲಿ ಕೇಳಿದ್ದೆ, ಅದೂ ಅರ್ಧಂಬರ್ಧ. ದೇವಸ್ಥಾನದ ಕಾಂಪೌಂಡಿನಿಂದ ಎರಡು ಚೀಲ ಎಲೆ ತಂದು, ಸ್ನಾನದ ಹಂಡೆಗೆ ಹಾಕಿ, ಅರ್ಧಕ್ಕೆ ಇಳಿಯೋವರೆಗೆ ಕುದಿಸಿ ಹೊಡೆದೆ. ಐದನೇ ದಿನ ತುದಿಯಲ್ಲಿ ಹಸಿರು ಚಿಗುರು ಬಂತು. ವಾಸಿ ಆಯ್ತು ಅಂತ ಕೀಳಬೇಕಾಗಿದ್ದ ಗಿಡಗಳನ್ನೆಲ್ಲ ಉಳಿಸಿಕೊಂಡೆ. ಆ ಹಸಿರು ಕಷಾಯದ್ದಲ್ಲ, ಅದೇ ವಾರ ಡ್ರಿಪ್ಪಿನಲ್ಲಿ ಬಿಟ್ಟಿದ್ದ 19:19:19 ಗೊಬ್ಬರದ್ದು. ಇನ್ನೊಂದು ವಾರಕ್ಕೆ ಆ ಚಿಗುರೂ ದೋಣಿ ಥರ ಮೇಲಕ್ಕೆ ಮಡಚಿಕೊಂಡಿತು, ಅಂಚೆಲ್ಲ ಹಳದಿ. ಗಿಡ ಅಲುಗಿಸಿದರೆ ಒಲೆಯ ಬೂದಿ ಊದಿದ ಹಾಗೆ ಬಿಳಿ ನೊಣ ಏಳೋದು. ಇಪ್ಪತ್ತು ದಿನದಲ್ಲಿ ಎಕರೆ ಪೂರ್ತಿ ಹೋಯ್ತು. ಕಟ್ಟಿದ ಕೋಲಿನ ಬಾಡಿಗೆಯೂ ಹುಟ್ಟಲಿಲ್ಲ.

ಎಡವಿದ್ದು ಎರಡು ಕಡೆ. ಒಂದು, ಕುದಿಸಿದ್ದು. ಬೋಗನ್‌ವಿಲ್ಲಾ, ಸಂಜೆಮಲ್ಲಿಗೆ, ಕೊಮ್ಮೆ ಅಂದರೆ ಪುನರ್ನವ, ಮೂರೂ ಒಂದೇ ಕುಟುಂಬದ ಗಿಡಗಳು. ಇವುಗಳಲ್ಲಿ ಕೆಲಸ ಮಾಡೋದು ಒಂದು ಬಗೆಯ ಪ್ರೋಟೀನು. ಮೊಟ್ಟೆ ಕುದಿಸಿದರೆ ಲೋಳೆ ಹೇಗೆ ಗಟ್ಟಿಯಾಗುತ್ತೋ ಹಾಗೇ ಕುದಿಸಿದ ಪ್ರೋಟೀನೂ ಕೆಡುತ್ತೆ. ಎರಡನೆಯದು ಇನ್ನೂ ದೊಡ್ಡದು: ರೋಗ ಬಂದ ಮೇಲೆ ಹೊಡೆದದ್ದು. ಈ ರಸ ವೈರಸ್ಸನ್ನು ಹುಡುಕಿ ಕೊಲ್ಲೋದಿಲ್ಲ. ಎಲೆಗೆ ಮೊದಲೇ ಬಿದ್ದಿದ್ದರೆ ವೈರಸ್ ಹೊಕ್ಕ ಜೀವಕೋಶದಲ್ಲಿ ಪ್ರೋಟೀನ್ ಕಟ್ಟೋ ಕೆಲಸವನ್ನೇ ನಿಲ್ಲಿಸುತ್ತೆ, ಅಲ್ಲಿ ವೈರಸ್ ಮರಿ ಹಾಕಲಾಗದು. ಜೊತೆಗೆ ಗಿಡದ ಸ್ವಂತ ರಕ್ಷಣೆಯನ್ನೂ ಎಬ್ಬಿಸುತ್ತೆ. ಮೈಯೆಲ್ಲ ಹರಡಿದ ಮೇಲೆ ಬರೀ ಎಲೆ ತೊಳೆದ ಹಾಗೆ ಅಷ್ಟೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳೋದಿಲ್ಲ. ಈ ರಸಗಳ ಮೇಲೆ ನಡೆದ ಪರೀಕ್ಷೆ ಹೆಚ್ಚಿನದು ಎಲೆಗೆ ಉಜ್ಜಿ ಅಂಟಿಸೋ ವೈರಸ್‌ಗಳ ಮೇಲೆ. ನಮ್ಮ ಬಿಂಗಿ ವೈರಸ್ ಹಾಗಲ್ಲ, ಬಿಳಿ ನೊಣ ಸೂಜಿ ಚುಚ್ಚಿದ ಹಾಗೆ ಸೀದಾ ಗಿಡದ ಆಹಾರನಾಳಕ್ಕೆ ಬಿಡುತ್ತೆ. ಎಲೆ ಮೇಲಿನ ರಸ ಅಲ್ಲಿಗೆ ಪೂರ್ತಿ ಕಾವಲಾಗದು. ಹಾಗಾಗಿ ರಸವನ್ನೇ ನಂಬಿ ಕೂರಬೇಡ, ನೊಣವನ್ನೂ ನೋಡಿಕೋ.

ಈಗ ನಾನು ಮಾಡೋದು ಇಷ್ಟು. ಹಸಿ ಎಲೆ 1 ಕೆಜಿ, ತಣ್ಣೀರಲ್ಲಿ ರುಬ್ಬಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಒಟ್ಟು 10 ಲೀಟರ್ ಮಾಡಿ ಅದೇ ಸಂಜೆ ಹೊಡೆಯೋದು. ಸರಿಯಾಗಿ ಸೋಸದಿದ್ದರೆ ನಾಜಲ್ ಕಟ್ಟುತ್ತೆ. ಉಳಿದದ್ದನ್ನು ನಾಳೆಗೆ ಇಡೋದಿಲ್ಲ. ಮೊದಲ ಸಲ ಪ್ರೋಟ್ರೇಯಲ್ಲೇ (ಸಸಿ ಬೆಳೆಸೋ ಗುಳಿ ತಟ್ಟೆ), ಸಸಿಗೆ ಎರಡು ನಿಜವಾದ ಎಲೆ ಬಂದಾಗ. ಆಮೇಲೆ ನಾಟಿಗೆ ಎರಡು ದಿನ ಮುಂಚೆ, ನಾಟಿಯಾಗಿ ಹತ್ತನೇ ದಿನ ಒಂದು. ಪ್ರತಿ ಸಲ ಎರಡು ಸಾಲು ಹೊಡೆಯದೆ ಬಿಡುತ್ತೇನೆ, ಇಲ್ಲದಿದ್ದರೆ ಕೆಲಸ ಮಾಡಿತಾ ಇಲ್ಲವಾ ಗೊತ್ತಾಗೋದು ಹೇಗೆ? ಬಿಟ್ಟ ಸಾಲಿಗೆ ಬಿಂಗಿ ಮೊದಲು ಬಂತು, ಹೊಡೆದ ಸಾಲಿಗೆ ತಡವಾಗಿ ಬಂತು. ಬರದೇ ಇರಲಿಲ್ಲ. ಆದರೆ ಎಳೇ ಗಿಡಕ್ಕೆ ಬಿಂಗಿ ಬಂದರೆ ಕಾಯಿಯೇ ಇಲ್ಲ, ಕಾಯಿ ಕಚ್ಚಿದ ಮೇಲೆ ಬಂದರೆ ಅಷ್ಟೋ ಇಷ್ಟೋ ಸಿಗುತ್ತೆ. ಆ ತಡ ಮಾಡಿಸೋದಕ್ಕೇ ಇಷ್ಟೆಲ್ಲ ಕಷ್ಟ.

ಶೇಂಗಾ ಹಾಕೋ ಪಾವಗಡ, ಚಳ್ಳಕೆರೆ ಕಡೆಯವರು ಇದನ್ನು ಓದಿ. ಶೇಂಗಾದ ಕುಡಿ ಸಾಯೋ ರೋಗಕ್ಕೆ (ಅದೂ ವೈರಸ್ಸಿನದ್ದೇ) ಜೋಳದ ಅಥವಾ ತೆಂಗಿನ ಗರಿಯ ಸಾರವನ್ನು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡಿದೆ. ಒಣಗಿಸಿ ಪುಡಿ ಮಾಡಿದ ಎಲೆ 1 ಕೆಜಿಗೆ 2 ಲೀಟರ್ ನೀರು, 60 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ, ಸೋಸಿ 10 ಲೀಟರ್‌ಗೆ ಏರಿಸಿ, ಬಿತ್ತಿ 10ನೇ ದಿನ ಮತ್ತು 20ನೇ ದಿನ ಹೊಡೆಯೋದು. ಬಿಸಿ ಅಂದರೆ 60, ಕುದಿ ಅಲ್ಲ. ದಿನದ ಲೆಕ್ಕ ನೋಡಿ, ಅಲ್ಲೂ ರೋಗ ಕಾಣೋ ಮುಂಚೆಯೇ.

ನೊಣಕ್ಕೆ ಬೇವು. ಬೀಜದ ತಿರುಳು 5 ಕೆಜಿ, ರಾತ್ರಿ ನೆನೆಸಿ, 100 ಲೀಟರ್. ಹಳೇ ಬೀಜ ಬೇಡ, ಈ ವರ್ಷದ್ದೇ ಆಗಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಕ್ಷಾರದ ನೀರಲ್ಲಿ ಬೇವಿನ ಅಂಶ ಬೇಗ ಕೆಡುತ್ತೆ, ನಿಂಬೆ ಹಿಂಡಿಕೊಳ್ಳಿ. ಬಿಸಿಲಲ್ಲಿ ಹೊಡೆಯಬೇಡಿ. ಅಂಗಡಿಯದ್ದೇ ತರೋದಾದರೆ 10,000 ಪಿಪಿಎಂ (ಬೇವಿನ ಸತ್ವ ಎಷ್ಟಿದೆ ಅನ್ನೋ ಅಳತೆ) ಬಾಟಲು ತನ್ನಿ, 300 ಪಿಪಿಎಂದು ಅಗ್ಗ ಅಂತ ತಂದು ಬೇವು ಕೆಲಸ ಮಾಡಲ್ಲ ಅನ್ನೋರೇ ಜಾಸ್ತಿ. "ವೈರಸ್ ಕಿಲ್ಲರ್" ಅಂತ ಹೆಸರಿಟ್ಟ ಬಾಟಲಿನಲ್ಲಿ ಒಳಗೇನಿದೆ ಅಂತ ಬರೆದಿಲ್ಲವಾ, ನೋಂದಣಿ ಸಂಖ್ಯೆ ಇಲ್ಲವಾ, ಮುಟ್ಟಲೇ ಬೇಡಿ. ನಾನು ಅಂಥದ್ದಕ್ಕೆ ದುಡ್ಡು ಸುರಿದು ಅತ್ತಿದ್ದೇನೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಕೀಟನಾಶಕ ಪದೇ ಪದೇ ಹೊಡೆಯೋರಿಗಂತೂ ಏನು ಹೇಳಲಿ, ಮಿತ್ರ ಕೀಟಗಳನ್ನು ಸಾಯಿಸಿ ಬಿಳಿ ನೊಣವನ್ನು ನೀವೇ ಸಾಕುತ್ತಿದ್ದೀರಿ.

ಹುಳಿ ಮಜ್ಜಿಗೆ ಹೊಡೀರಿ ಅಂದವರಿಗೆ: ಹಾಲಿನಿಂದ ತಡೆಯೋದು ಕೈಯಿಂದ ಅಂಟೋ ಮೊಸಾಯಿಕ್ ರೋಗವನ್ನು. ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಗಿಡ ಕಟ್ಟೋರು ಸೋಪು ಹಾಕಿ ತೊಳೆದುಕೊಂಡು ಕಟ್ಟಲಿ. ಬಿಂಗಿಗೆ ಮಜ್ಜಿಗೆ ಏನೂ ಮಾಡದು.

ಥ್ರೆಡ್ಡಿನಲ್ಲಿ ಅಕ್ಕ ಒಬ್ಬರು ಈ ರಸವನ್ನು ಮನುಷ್ಯರ ಜ್ವರಕ್ಕೆ ಕುಡಿಯಬಹುದಾ ಅಂತ ಕೇಳಿದ್ದಾರೆ. ದಯವಿಟ್ಟು ಬೇಡ ಅಕ್ಕ. ಜೀವಕೋಶದ ಕೆಲಸವನ್ನೇ ನಿಲ್ಲಿಸೋ ಪ್ರೋಟೀನು ಅದು. ಡೆಂಗ್ಯೂಗೆ ಪರಂಗಿ ಎಲೆ ರಸ ಅಂತಾರಲ್ಲ, ಅದರಲ್ಲೂ ಪ್ಲೇಟ್‌ಲೆಟ್ ಏರುತ್ತಾ ಅಂತ ನೋಡಿದ್ದೇ ಹೆಚ್ಚು, ವೈರಸ್ ಸಾಯುತ್ತಾ ಅಂತಲ್ಲ. ಜ್ವರಕ್ಕೆ ಮೊದಲು ಆಸ್ಪತ್ರೆಗೆ ಹೋಗಿ. ಗಿಡದಿಂದ ಔಷಧ ಬರೋದಿಲ್ಲ ಅಂತ ನಾನು ಹೇಳುತ್ತಿಲ್ಲ. ಫ್ಲೂ ಜ್ವರದ ಒಸೆಲ್ಟಾಮಿವಿರ್ ಮಾತ್ರೆಗೆ ಮೂಲ ವಸ್ತು ಪಲಾವಿಗೆ ಹಾಕೋ ಚಕ್ರಮೊಗ್ಗಿನಿಂದ ತೆಗೆದದ್ದು. ಆದರೆ ಅದನ್ನು ಕಾರ್ಖಾನೆಯಲ್ಲಿ ಎಷ್ಟೋ ಹಂತ ಬದಲಾಯಿಸಿದ ಮೇಲೇ ಔಷಧ, ಚಕ್ರಮೊಗ್ಗಿನ ಕಷಾಯ ಫ್ಲೂಗೆ ಮದ್ದಲ್ಲ.

ತಮ್ಮಾ, ಮುಂದಿನ ಬೆಳೆಗೆ ನಾಟಿಗೆ ಮೂರು ವಾರ ಮುಂಚೆ ಸುತ್ತ ಮೂರು ಸಾಲು ಮುಸುಕಿನ ಜೋಳ ಹಾಕು. ಸಸಿಯನ್ನು 50 ಮೆಷ್ ಅಂದರೆ ನೊಣ ನುಸುಳದಷ್ಟು ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸಿದ ನರ್ಸರಿಯಿಂದಲೇ ತಗೋ, ಬಲೆ ಹರಿದಿದೆಯಾ ನೀನೇ ಹೋಗಿ ನೋಡು. ತಳಿಯಲ್ಲಿ ನನ್ನ ಮತ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ಗೆ, ಬಿಂಗಿ ತಡೆಯೋ ಗುಣ ಬೀಜದಲ್ಲೇ ಇದೆ. ಬದುವಿನ ಪಾರ್ಥೇನಿಯಂ ಕಿತ್ತು ಹಾಕು.

ಸದ್ಯಕ್ಕೆ ಆ ಮೂವತ್ತು ಗಿಡ. ನಾಳೆ ಬೆಳಿಗ್ಗೆ ಇಬ್ಬನಿ ಆರೋ ಮುಂಚೆ ಹೋಗು, ಆಗ ನೊಣ ಮಂದ ಇರುತ್ತೆ. ಕೀಳೋ ಮುಂಚೆ ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಇಳಿಸಿ, ಬುಡ ಹಿಡಿದು ಕಿತ್ತು, ಬಾಯಿ ಕಟ್ಟಿ ಹೊರಗೆ ಹೂಳು. ಬದುವಿನಲ್ಲಿ ರಾಶಿ ಹಾಕಬೇಡ, ನೊಣ ಎದ್ದು ಪಕ್ಕದ ಸಾಲಿಗೇ ಹೋಗುತ್ತೆ. ಆಮೇಲೆ ಉಳಿದ ಗಿಡಗಳ ಎಲೆಯ ತಳಭಾಗದ ಫೋಟೋ ಹಾಕು, ನೊಣದ ಮರಿ ಎಷ್ಟಿದೆ ನೋಡಿ ಬೇವು ಎಷ್ಟು ದಿನಕ್ಕೊಮ್ಮೆ ಅಂತ ಹೇಳುತ್ತೇನೆ.