ಎಲ್ಲ ಬೆಳಗಿಗೂ ಒಂದೇ ನಗು ಹೊಂದುವುದಿಲ್ಲ

ನಮಸ್ಕಾರ,

ನೀವು ಕಳಿಸಿದ ‘ಶುಭೋದಯ ಅಮೆರಿಕ’ ಅಂಕಣದ ಮಾದರಿಗಳನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಪತ್ರದ ಕೊನೆವರೆಗೂ ನಿಮ್ಮನ್ನು ಕಾಯಿಸಬಾರದು ಎಂದು ಮೊದಲೇ ಹೇಳಿಬಿಟ್ಟೆ. ಆದರೆ ನಿಮ್ಮ ಯೋಚನೆ ನನಗೆ ತುಂಬಾ ಹಿಡಿಸಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬರೆಯಲು ಹೊರಟ ಬೇರೆಯವರಿಗೂ ಉಪಯೋಗವಾಗಲಿ ಎಂದು, ನೀವು ಒಪ್ಪಿದಂತೆ ಹೆಸರು ಬಿಟ್ಟು ಇಲ್ಲಿ ಅಚ್ಚು ಹಾಕುತ್ತಿದ್ದೇವೆ.

ಓದುಗರಿಗಾಗಿ ಎರಡು ಮಾತು. ಇವರು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡಿಗರು, ಈಗ ಅಲ್ಲಿನ ಪೌರರು. 1776ರ ಸ್ವಾತಂತ್ರ್ಯ ಘೋಷಣೆಗೆ 2026ಕ್ಕೆ 250 ವರ್ಷ. ಆ ನೆಪದಲ್ಲಿ ವರ್ಷಪೂರ್ತಿ ದಿನಕ್ಕೊಂದು ಪುಟ್ಟ ಬರಹ ಕೊಡುತ್ತೇನೆ ಎಂದಿದ್ದಾರೆ. ಮೊದಲು ಒಂದು ಶುಭೋದಯ, ಆಮೇಲೆ ಆ ದಿನ ನಡೆದ ಚರಿತ್ರೆಯ ಒಂದು ಘಟನೆ, ಕೊನೆಗೆ ದೇಶವನ್ನು ಹೊಗಳುವ ಒಂದು ಸಾಲು. ಕಳಿಸಿದ ಎಲ್ಲ ಮಾದರಿಗಳೂ ಇದೇ ಅಚ್ಚಿನಲ್ಲಿವೆ. ನನ್ನ ತಕರಾರು ಅಲ್ಲಿಂದಲೇ ಶುರು.

ಮೇ ತಿಂಗಳ ಕೊನೆಯ ಸೋಮವಾರದ ಮಾದರಿ ನೋಡಿ. ‘ಶುಭೋದಯ! ಮೆಮೋರಿಯಲ್ ಡೇ ಶುಭಾಶಯಗಳು! ಬಾರ್ಬೆಕ್ಯೂ ಹಚ್ಚಿ, ಖುಷಿಯಾಗಿರಿ!’ ಎಂದಿದ್ದೀರಿ. ಓದಿ ನನಗೆ ನಿಜವಾಗಿ ನೋವಾಯಿತು. ಅದು ಯುದ್ಧದಲ್ಲಿ ಸತ್ತವರ ದಿನ. ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ, 1868ರ ಮೇ 30ರಂದು, ಸೈನಿಕರ ಸಮಾಧಿಗಳಿಗೆ ಹೂವಿಡುವ ದಿನವಾಗಿ ಇದು ದೇಶದ ಮಟ್ಟದಲ್ಲಿ ಶುರುವಾಯಿತು. ಅಂಗಡಿಗಳಲ್ಲಿ ಸೇಲ್ ಇರುತ್ತದೆ, ಮನೆ ಹಿಂದೆ ಒಲೆ ಉರಿಯುತ್ತದೆ, ಅದೆಲ್ಲ ನಿಜ. ಆದರೆ ಮಗನನ್ನು ಕಳೆದುಕೊಂಡ ತಾಯಿ ಪಕ್ಕದ ಮನೆಯಲ್ಲಿ ಇರಬಹುದಲ್ವಾ? ಆಕೆಗೆ ನೀವು ಶುಭಾಶಯ ಹೇಳುತ್ತೀರಾ?

ಆ ದಿನದ ಬಾವುಟದ ಕ್ರಮ ಗಮನಿಸಿದ್ದೀರಾ? ಬೆಳಗ್ಗೆಯಿಂದ ಮಧ್ಯಾಹ್ನ ಹನ್ನೆರಡರವರೆಗೆ ಬಾವುಟ ಅರ್ಧಕ್ಕೆ ಇಳಿದಿರಬೇಕು. ಹನ್ನೆರಡಾದ ಮೇಲೆ ತುದಿಗೆ ಏರಿಸಬೇಕು. ಅರ್ಧ ದಿನ ಸತ್ತವರಿಗೆ, ಉಳಿದರ್ಧ ಬದುಕಿರುವವರಿಗೆ. ನಿಮ್ಮೂರಿನ ಶಾಲೆಯಲ್ಲೋ ಫೈರ್ ಸ್ಟೇಷನ್ನಿನಲ್ಲೋ ರಜೆಯ ಆ ಮಧ್ಯಾಹ್ನ ಯಾರೋ ಒಬ್ಬರು ಹೋಗಿ ಹಗ್ಗ ಎಳೆಯುತ್ತಾರೆ. ಅವರು ಯಾರು, ರಜೆ ದಿನ ಆ ಕೆಲಸ ಅವರಿಗೆ ಹೇಗೆ ಬಂತು, ಕೇಳಿ ತಿಳಿದುಕೊಳ್ಳಿ. ದೇಶಪ್ರೇಮ ಎಂಬ ಪದವನ್ನು ಒಂದು ಸಲವೂ ಬಳಸದೆ ನೀವು ಅದನ್ನು ಬರೆದಿರುತ್ತೀರಿ.

ನಾನು ನಿಮ್ಮಿಂದ ಕೇಳುವುದು ಇಷ್ಟೇ. ಶುಭೋದಯ ಹೇಳುವಾಗ ಎದುರಿಗೆ ಒಬ್ಬ ಮನುಷ್ಯ ಇರಬೇಕು, ಅದು ಯಾವ ದಿನ ಎಂಬುದು ಗೊತ್ತಿರಬೇಕು. ನಿಮ್ಮ ಮಾದರಿಗಳಲ್ಲಿ ಎರಡೂ ಇಲ್ಲ. ಸೋತ ದಿನ, ಗೆದ್ದ ದಿನ, ಸತ್ತ ದಿನ ಎಲ್ಲಕ್ಕೂ ಒಂದೇ ನಗು ಇದೆ.

ಇನ್ನು ಚರಿತ್ರೆಯ ತಪ್ಪುಗಳು. ಇವನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ಡಿಸೆಂಬರ್ 16ರ ಮಾದರಿಯಲ್ಲಿ ‘ಬಾಸ್ಟನ್ ಬಂದರಿನಲ್ಲಿ ನಮ್ಮ ಅಸ್ಸಾಂ ಚಹಾ ಸಮುದ್ರ ಸೇರಿತು’ ಎಂದಿದ್ದೀರಿ. 1773ರಲ್ಲಿ ಅಸ್ಸಾಂನಲ್ಲಿ ಚಹಾ ತೋಟಗಳೇ ಇರಲಿಲ್ಲ. ಅಂದು ಬ್ರಿಟಿಷರ ಮೇಲೆ ಸಿಟ್ಟಾದ ಅಲ್ಲಿನ ಜನ ನೀರಿಗೆ ಎಸೆದ 342 ಪೆಟ್ಟಿಗೆಗಳಲ್ಲಿದ್ದದ್ದು ಚೀನಾದ ಚಹಾ. ಸರಕು ಮಾತ್ರ ನಮಗೆ ಚೆನ್ನಾಗಿ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿಯದು. ಚಹಾ ದುಬಾರಿ ಆಯಿತು ಎಂದು ಜನ ರೇಗಿದರು ಎಂದೂ ಬರೆದಿದ್ದೀರಿ. ಆಗಿದ್ದು ಉಲ್ಟಾ. ಹೊಸ ಕಾಯ್ದೆಯಿಂದ ಕಂಪನಿಯ ಚಹಾ ಅಗ್ಗವಾಗುತ್ತಿತ್ತು. ಆದರೂ ಬೇಡ ಎಂದರು. ತಾವು ಆರಿಸಿ ಕಳಿಸದ ಪಾರ್ಲಿಮೆಂಟು ಹಾಕಿದ ತೆರಿಗೆ ಅದರೊಳಗೆ ಕೂತಿತ್ತು. ಕಂಪನಿ ಆರಿಸಿದ ಕೆಲವೇ ವ್ಯಾಪಾರಿಗಳಿಗೆ ಮಾರುವ ಹಕ್ಕು ಸಿಕ್ಕಿತ್ತು. ಅಗ್ಗದ ಸರಕನ್ನು ಬೇಡ ಎನ್ನಲು ಜನರಿಗೆ ಎಷ್ಟು ಸಿಟ್ಟು ಬಂದಿರಬೇಕು, ಯೋಚಿಸಿ.

ಏಪ್ರಿಲ್ 18ರ ಮಾದರಿಯಲ್ಲಿ, ಬ್ರಿಟಿಷ್ ಸೈನ್ಯ ಹೊರಟ ಸುದ್ದಿ ಮುಟ್ಟಿಸಲು ರಾತ್ರಿ ಕುದುರೆ ಏರಿದ ಪಾಲ್ ರಿವಿಯರ್ ‘ಬ್ರಿಟಿಷರು ಬಂದರು’ ಎಂದು ಕೂಗುತ್ತಾ ಕಾಂಕರ್ಡ್ ಎಂಬ ಊರು ತಲುಪುತ್ತಾನೆ. ಅವನು ಕಾಂಕರ್ಡ್ ತಲುಪಲಿಲ್ಲ. ದಾರಿಯಲ್ಲೇ ಬ್ರಿಟಿಷ್ ಗಸ್ತಿನವರು ಹಿಡಿದರು. ಸುದ್ದಿ ಮುಟ್ಟಿಸಿದ್ದು ಸ್ಯಾಮ್ಯುಯಲ್ ಪ್ರೆಸ್ಕಾಟ್ ಎಂಬ ಯುವ ವೈದ್ಯ. ಹಾಗೆ ಕೂಗುವುದಕ್ಕೂ ಅರ್ಥವಿರಲಿಲ್ಲ. 1775ರಲ್ಲಿ ಆ ಹಳ್ಳಿಗಳ ಜನ ತಮ್ಮನ್ನೇ ಬ್ರಿಟಿಷರು ಅಂದುಕೊಂಡಿದ್ದರು. 1776ರ ಜುಲೈ 4ರಂದೇ ಸ್ವಾತಂತ್ರ್ಯ ಘೋಷಣೆಗೆ ಎಲ್ಲ 56 ಜನ ಸಹಿ ಹಾಕಿದರು ಎಂಬುದೂ ಸರಿಯಲ್ಲ. ಬೇರೆಯಾಗುವ ನಿರ್ಧಾರಕ್ಕೆ ಮತ ಬಿದ್ದದ್ದು ಜುಲೈ 2ಕ್ಕೆ. 4ಕ್ಕೆ ಘೋಷಣೆಯ ಪಠ್ಯ ಒಪ್ಪಿಗೆಯಾಯಿತು. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ಕ್ಕೆ. ಸಹಿ ಹಾಕಿದವರಲ್ಲಿ ಒಬ್ಬನಾದ ಜಾನ್ ಆಡಮ್ಸ್ ಜುಲೈ 3ರಂದು ಹೆಂಡತಿ ಅಬಿಗೇಲ್‌ಗೆ ಬರೆದ ಕಾಗದದಲ್ಲಿ, ಮುಂದಿನ ತಲೆಮಾರುಗಳು ಜುಲೈ 2ನ್ನು ಹಬ್ಬವಾಗಿ ಆಚರಿಸುತ್ತವೆ ಎಂದು ಸಂಭ್ರಮದಿಂದ ಹೇಳಿಕೊಂಡಿದ್ದಾನೆ. ಮೆರವಣಿಗೆ, ದೀಪ, ಆಟ ಎಲ್ಲವನ್ನೂ ಸರಿಯಾಗಿ ಊಹಿಸಿದ್ದ, ತಾರೀಕೊಂದನ್ನು ಬಿಟ್ಟು.

ಆ ಜುಲೈ 2 ನಿಮಗೆ ಇನ್ನೊಂದು ಕಾರಣಕ್ಕೂ ಬೇಕು. ಅದೇ ದಿನ ನಿಮ್ಮ ನ್ಯೂಜೆರ್ಸಿ ತನ್ನ ಮೊದಲ ಸಂವಿಧಾನ ಮಾಡಿಕೊಂಡಿತು. ಐವತ್ತು ಪೌಂಡ್ ಬೆಲೆಯ ಆಸ್ತಿ ಇದ್ದ ನಿವಾಸಿಗಳೆಲ್ಲ ಮತ ಹಾಕಬಹುದು ಎಂದಿತು. ಗಂಡಸರು ಎಂದು ಬರೆಯಲಿಲ್ಲ, ಬಿಳಿಯರು ಎಂದೂ ಬರೆಯಲಿಲ್ಲ. ಹಾಗಾಗಿ ಅಲ್ಲಿ ಆಸ್ತಿಯುಳ್ಳ ಒಂಟಿ ಹೆಂಗಸರು, ವಿಧವೆಯರು, ಸ್ವತಂತ್ರರಾಗಿದ್ದ ಕಪ್ಪು ಜನ ಮತ ಹಾಕಿದರು. 1807ರಲ್ಲಿ ಕಾನೂನು ತಂದು ಆ ಹಕ್ಕನ್ನು ಕಿತ್ತುಕೊಂಡರು. ಹೆಮ್ಮೆಯೂ ನಾಚಿಕೆಯೂ ಒಂದೇ ಕಥೆಯಲ್ಲಿವೆ, ಅದೂ ನೀವು ಮತ ಹಾಕುವ ರಾಜ್ಯದಲ್ಲೇ. ನಿಮ್ಮ ಜುಲೈ 2ರ ಪುಟದಲ್ಲಿ ‘ಸ್ವಾತಂತ್ರ್ಯದ ಸೂರ್ಯ ಉದಯಿಸಿದ’ ಎಂಬ ಒಂದೇ ಸಾಲಿದೆ. ಸೂರ್ಯನನ್ನು ತೆಗೆದು ಆ ಹೆಂಗಸರನ್ನು ತನ್ನಿ.

ನೀವು ಹೊಗಳಿಕೆಯನ್ನು ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ನಿಮಗೆ ಆ ದೇಶದ ಮೇಲಿರುವ ಪ್ರೀತಿ ನಿಜವಾದದ್ದು, ಅದು ಓದುವಾಗ ತಿಳಿಯುತ್ತದೆ. ಬೇರೆ ನೆಲದಲ್ಲಿ ಹುಟ್ಟಿ, ಕೈ ಎತ್ತಿ ಪ್ರಮಾಣ ಮಾಡಿ ಒಂದು ದೇಶವನ್ನು ತನ್ನದಾಗಿಸಿಕೊಂಡವರ ಪ್ರೀತಿಗೆ ಬೇರೆಯೇ ತೂಕ ಇದೆ. ಆ ಪ್ರೀತಿಗೆ ಕಷ್ಟದ ಸಂಗತಿಗಳನ್ನು ಹೊರುವ ಶಕ್ತಿ ಇದೆ ಎಂದು ನಂಬಿ. ಜುಲೈ 5ರ ಪುಟಕ್ಕೆ ನೀವು ಪಟಾಕಿಯ ಕಸ ಗುಡಿಸುವ ಬಗ್ಗೆ ಬರೆದಿದ್ದೀರಿ, ಅದು ಇರಲಿ, ಚೆನ್ನಾಗಿದೆ. ಅದರ ಪಕ್ಕದಲ್ಲೇ 1852ರ ಜುಲೈ 5ರಂದು ರೋಚೆಸ್ಟರ್‌ನಲ್ಲಿ ನಿಂತ ಫ್ರೆಡರಿಕ್ ಡಗ್ಲಸ್ ಇರಬೇಕು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು ಅವನು. ಈ ನಿಮ್ಮ ಹಬ್ಬ ಗುಲಾಮನಿಗೆ ಏನು ಎಂದು ಕೇಳಿದ. ಅದೇ ಭಾಷಣದಲ್ಲಿ ಘೋಷಣೆಗೆ ಸಹಿ ಹಾಕಿದವರನ್ನು ಧೈರ್ಯವಂತರು ಎಂದೂ ಕರೆದ.

ಜೂನ್ 14, ಅವರ ಬಾವುಟದ ದಿನ. ವಾಷಿಂಗ್ಟನ್ ಕಾಲದಿಂದಲೂ ಶಾಲಾ ಮಕ್ಕಳು ಎದೆಗೆ ಕೈಯಿಟ್ಟು ನಿಷ್ಠೆಯ ಪ್ರತಿಜ್ಞೆ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಆ ಪ್ರತಿಜ್ಞೆ ಬರೆದದ್ದು 1892ರಲ್ಲಿ. ಅದರಲ್ಲಿ ದೇವರ ಹೆಸರು ಸೇರಿದ್ದು 1954ರಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 1943ರಲ್ಲಿ, ಇದೇ ಜೂನ್ 14ರಂದು, ಯುದ್ಧ ನಡೆಯುತ್ತಿರುವಾಗಲೇ, ಅಲ್ಲಿನ ಸುಪ್ರೀಂ ಕೋರ್ಟು ಯಾವ ಮಗುವನ್ನೂ ಬಾವುಟಕ್ಕೆ ವಂದಿಸು ಎಂದು ಬಲವಂತ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ಮಕ್ಕಳು ಯೆಹೋವನ ಸಾಕ್ಷಿಗಳ ಪಂಥದವರು. ಅದೇ ಪಂಥದ ಕೇರಳದ ಮಕ್ಕಳ ಪರವಾಗಿ ನಮ್ಮ ಸುಪ್ರೀಂ ಕೋರ್ಟೂ 1986ರಲ್ಲಿ ರಾಷ್ಟ್ರಗೀತೆಯ ವಿಷಯದಲ್ಲಿ ಅಂಥದೇ ತೀರ್ಪು ನೀಡಿತು. ಎರಡೂ ಕಡೆ ಬೇರಿರುವ ನಿಮಗಿಂತ ಇದನ್ನು ಬರೆಯಲು ಬೇರೆ ಯಾರು ಬೇಕು?

ಅದೇ ಪುಟದಲ್ಲಿ ಒಂದು ಸಾಲು ನನಗೆ ತುಂಬಾ ಇಷ್ಟವಾಯಿತು. ನಿಮ್ಮ ಬೀದಿಯ ಮಾಜಿ ಸೈನಿಕರೊಬ್ಬರು ಸಂಜೆ ಬಾವುಟ ಇಳಿಸುವಾಗ ಇನ್ನೊಂದು ತುದಿ ಹಿಡಿಯಲು ನಿಮ್ಮನ್ನು ಕರೆದರು ಎಂದಿದ್ದೀರಿ. ಅಷ್ಟಕ್ಕೇ ನಿಲ್ಲಿಸಿ ‘ಎಂಥಾ ಮಹಾನ್ ದೇಶ!’ ಎಂದುಬಿಟ್ಟಿರಿ. ಮುಂದೇನಾಯಿತು? ತ್ರಿಕೋನವಾಗಿ ಮಡಚುವುದನ್ನು ನಿಮಗೆ ಕಲಿಸಿದರಾ? ಅವರು ಯಾವ ಯುದ್ಧದಲ್ಲಿ ಇದ್ದರು? ಮರುದಿನ ಬೆಳಗ್ಗೆ ಸಿಕ್ಕಾಗ ಗುಡ್ ಮಾರ್ನಿಂಗ್ ಜೊತೆಗೆ ಮತ್ತೇನಾದರೂ ಮಾತಾಯಿತಾ? ಓದುಗರಿಗೆ ಇದು ಬೇಕು.

ಡಿಸೆಂಬರ್ 26ಕ್ಕೆ ನೀವು ವಾಷಿಂಗ್ಟನ್‌ನನ್ನು ‘ಅಜೇಯ ವೀರ’ ಎಂದಿದ್ದೀರಿ. 1776ರ ಆ ಡಿಸೆಂಬರಿನಲ್ಲಿ ಅವನು ನ್ಯೂಯಾರ್ಕ್ ಕಳೆದುಕೊಂಡು, ನ್ಯೂಜೆರ್ಸಿ ಉದ್ದಕ್ಕೂ ಹಿಂದೆ ಸರಿದು, ಡೆಲವೇರ್ ನದಿಯ ಆಚೆ ಕೂತಿದ್ದ. ಬಹಳ ಸೈನಿಕರ ಕರಾರು ವರ್ಷದ ಕೊನೆಗೆ ಮುಗಿಯುತ್ತಿತ್ತು. ಕ್ರಿಸ್‌ಮಸ್ ರಾತ್ರಿ, ಮಂಜುಗಡ್ಡೆ ತೇಲುವ ನೀರಿನಲ್ಲಿ, ಸುಮಾರು 2,400 ಜನರನ್ನು ದಾಟಿಸಿ, ಬೆಳಗ್ಗೆ ಟ್ರೆಂಟನ್‌ನಲ್ಲಿದ್ದ ಜರ್ಮನ್ ಬಾಡಿಗೆ ಪಡೆಯ ಮೇಲೆ ಬಿದ್ದ. ಗೆದ್ದ. ಗೆದ್ದ ಮೇಲೂ ಸೈನಿಕರು ಮನೆಗೆ ಹೊರಟಿದ್ದರು. ಇನ್ನು ಆರು ವಾರ ಇರಿ, ಹತ್ತು ಡಾಲರ್ ಕೊಡುತ್ತೇನೆ ಎಂದು ಕೇಳಿಕೊಳ್ಳಬೇಕಾಯಿತು. ಚಳಿಯಲ್ಲಿ ನಿಂತು, ಮನೆ ನೆನಪಾಗುತ್ತಿದ್ದರೂ ಒಪ್ಪಿಕೊಂಡು ಮುಂದೆ ಬಂದವರು ನಿಮ್ಮ ಕಥೆಯ ವೀರರು. ಇಂದಿಗೂ ಕ್ರಿಸ್‌ಮಸ್ ದಿನ ಅಲ್ಲಿ ಆ ದಾಟುವಿಕೆಯನ್ನು ಜನ ಆಡಿ ತೋರಿಸುತ್ತಾರೆ. ನದಿ ತುಂಬಿದ್ದರೆ, ಗಾಳಿ ಜೋರಾಗಿದ್ದರೆ ದೋಣಿ ಇಳಿಸುವುದಿಲ್ಲ. ಆ ಜಾಗ ನಿಮಗೆ ಕಾರಿನಲ್ಲಿ ಹೋಗಿ ಬರುವ ದೂರ. ಒಮ್ಮೆ ಹೋಗಿ, ದಡದಲ್ಲಿ ನಿಂತವರ ಜೊತೆ ಮಾತಾಡಿ.

ಕೊನೆಯದಾಗಿ ಅಕ್ಟೋಬರ್ 19. ಇದನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದು ನನಗೆ ದೊಡ್ಡ ಬೇಸರ. ‘1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಶರಣಾದ, ಚರಿತ್ರೆಯಿಂದ ಮರೆಯಾದ’ ಎಂದಿದ್ದೀರಿ. ಮರೆಯಾಗಲಿಲ್ಲ, ನಮ್ಮೂರಿಗೇ ಬಂದ! ಶರಣಾಗತಿಯ ದಿನ ಹುಷಾರಿಲ್ಲ ಎಂದು ಹೇಳಿ ಕೆಳಗಿನ ಅಧಿಕಾರಿಯನ್ನು ಕಳಿಸಿದ ಈ ಬ್ರಿಟಿಷ್ ಸೇನಾಪತಿ, 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಅವನಿಗೆ ಒಪ್ಪಿಸಬೇಕಾಯಿತು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಹತ್ತಿರ ಉಳಿದಿರುವ ಕೋಟೆಯಲ್ಲಿ ಆ ದಾಳಿಯನ್ನು ಹೇಳುವ ಕಲ್ಲು ಇದೆ.

ಇನ್ನೂ ಇದೆ. 1778ರಲ್ಲಿ ಫ್ರೆಂಚರು ಅಮೆರಿಕದ ಪರ ನಿಂತರು. ಅದರ ಪರಿಣಾಮವಾಗಿ ಬ್ರಿಟಿಷರು ಇಲ್ಲಿ ಫ್ರೆಂಚರ ಮಾಹೆ ಬಂದರನ್ನು ಕಿತ್ತುಕೊಂಡರು. ಹೈದರ್ ಅಲಿಗೆ ಸರಕು ಬರುತ್ತಿದ್ದ ಬಂದರು ಅದು. 1780ರಲ್ಲಿ ಅವನು ಯುದ್ಧಕ್ಕೆ ಇಳಿದ. ಅವನ ಹೆಸರು ಅತ್ತ ಎಷ್ಟು ದೂರ ಮುಟ್ಟಿತ್ತು ಎಂದರೆ, ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ನ್ಯೂಜೆರ್ಸಿಯ ದಡದ ಎದುರಲ್ಲೇ! ಅಲ್ಲಿರುವ ಕನ್ನಡಿಗರಾಗಿ ನೀವು ಇದನ್ನು ಪುಟದ ತುಂಬಾ ಬರೆಯಬೇಕು.

ದಿನಕ್ಕೊಂದು ಬೇಡ. ಅಷ್ಟನ್ನು ಯಾರೂ ಚೆನ್ನಾಗಿ ಬರೆಯಲಾರರು. ವಾರಕ್ಕೊಂದು ಸಾಕು, ಪುಟ ನಾನು ಕೊಡುತ್ತೇನೆ. ಪ್ರತಿ ಬರಹಕ್ಕೂ ನೀವು ನಿಜವಾಗಿ ಮಾತಾಡಿಸಿದ ಒಬ್ಬ ವ್ಯಕ್ತಿ ಇರಲಿ. ಕಾಗದ ತರುವವರು, ಮಕ್ಕಳನ್ನು ರಸ್ತೆ ದಾಟಿಸುವವರು, ಬೆಳಗ್ಗೆ ವಾಕಿಂಗ್‌ನಲ್ಲಿ ಕೈ ಬೀಸುವವರು, ಯಾರಾದರೂ ಸರಿ. ಅವರ ಒಪ್ಪಿಗೆ ಕೇಳಿ ಬರೆಯಿರಿ. ಆಶ್ಚರ್ಯಸೂಚಕ ಚಿಹ್ನೆಗಳನ್ನು ಕಮ್ಮಿ ಮಾಡಿ. ‘ಮಹಾನ್’ ಎಂಬ ಪದ ಒಂದು ಬರಹದಲ್ಲಿ ಒಮ್ಮೆಯೂ ಬರದಂತೆ ನೋಡಿಕೊಳ್ಳಿ.

ಮೊದಲಿಗೆ ಮೆಮೋರಿಯಲ್ ಡೇ, ಅಕ್ಟೋಬರ್ 19, ಡಿಸೆಂಬರ್ 26 ಈ ಮೂರನ್ನು ಹೊಸದಾಗಿ ಬರೆದು ಕಳಿಸಿ. ಒಂದೊಂದೂ 400 ಪದ ಮೀರದಿರಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಬಾವುಟ ಮಡಚಿದ ಆ ಸಂಜೆಯದ್ದು ಎಷ್ಟು ಉದ್ದವಾದರೂ ಪರವಾಗಿಲ್ಲ, ಅದನ್ನು ಬೇರೆಯಾಗಿ ಕಳಿಸಿ.

ಪ್ರೀತಿಯಿಂದ,
ಸಂಪಾದಕ